ಯಾವ ನಿಯಮ ಮುರಿಯಲಿ?

ಆ ಹುಡುಗಿ ಶಾಲೆಯಲ್ಲಿ ನೀರು ಕುಡಿಯುವುದಿಲ್ಲ ಎನ್ನುವುದು ನನಗೆ ಗೊತ್ತಾಗಲು ಏಳು ತಿಂಗಳು ಬೇಕಾಯಿತು. ಮುಖ್ಯೋಪಾಧ್ಯಾಯಿನಿ ಎಂದು ಬಾಗಿಲ ಮೇಲೆ ಬರೆಸಿಕೊಂಡು ಕೂತವಳಿಗೆ ಏಳು ತಿಂಗಳು. ಇದನ್ನು ಬರೆಯಲು ಕೂತರೆ ಮೊದಲು ಸಿಟ್ಟು ಬರುವುದು ನನ್ನ ಮೇಲೆಯೇ. ಉಳಿದವರ ಸರದಿ ಆಮೇಲೆ.

ನಮ್ಮದು ಬನಹಟ್ಟಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಸುತ್ತಲೂ ನೇಕಾರರ ಓಣಿಗಳು. ಪ್ರಾರ್ಥನೆ ಶುರುವಾಗುವ ಹೊತ್ತಿಗೆ ನಾಲ್ಕೂ ಕಡೆಯಿಂದ ವಿದ್ಯುತ್ ಮಗ್ಗಗಳ ಸದ್ದು ಬರುತ್ತಿರುತ್ತದೆ. ಹೊಸದಾಗಿ ಬಂದ ಶಿಕ್ಷಕರು ಮೊದಲ ವಾರ ತಲೆನೋವು ಅನ್ನುತ್ತಾರೆ. ಆಮೇಲೆ ಅವರಿಗೆ ಅದು ಕೇಳಿಸುವುದೇ ಇಲ್ಲ. ಹುಡುಗಿ ನಮ್ಮಲ್ಲಿಗೆ ಬಂದದ್ದು ಐದನೆಯ ತರಗತಿಗೆ. ಹುಟ್ಟಿನಿಂದಲೇ ಅವಳ ಕಾಲಿನಲ್ಲಿ ಬಲವಿಲ್ಲ. ಗಾಲಿಕುರ್ಚಿಯಲ್ಲಿ ಬರುತ್ತಿದ್ದಳು. ಅವಳ ತಾಯಿ ಎರಡು ಓಣಿ ಆಚೆ ಮಗ್ಗದ ಶೆಡ್ಡೊಂದರಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗಳಿಗೆ ದಿನವಿಡೀ ನೂಲು ಸುತ್ತಿ ಕೊಡುವ ಕೆಲಸ. ತಂದೆ ಇರಲಿಲ್ಲ.

ಹುಡುಗಿ ಚುರುಕು. ಲೆಕ್ಕದಲ್ಲಿ ನಮ್ಮ ಮಾಸ್ತರರ ತಪ್ಪು ಹಿಡಿಯುತ್ತಿದ್ದಳು. ಬಿಸಿಯೂಟದಲ್ಲಿ ಮಾತ್ರ ಒಂದು ವಿಚಿತ್ರ ಹಟ: ಸಾರು ಬೇಡ, ಬರೀ ಅನ್ನ ಸಾಕು ಅನ್ನುತ್ತಿದ್ದಳು. ಖಾರ ಒಗ್ಗುವುದಿಲ್ಲವೇನೋ ಎಂದುಕೊಂಡು ನಾವೆಲ್ಲ ಸುಮ್ಮನಿದ್ದೆವು.

ಒಂದು ದಿನ ತರಗತಿಯಲ್ಲಿ ಹೊಟ್ಟೆ ಹಿಡಿದುಕೊಂಡು ಬೆವತುಬಿಟ್ಟಳು. ತಾಯಿಗೆ ಹೇಳಿ ಕಳಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡಿ ಕೇಳಿದರು: "ದಿನಕ್ಕ ಎಷ್ಟ ನೀರ ಕುಡೀತೀವಾ?"

"ಮುಂಜಾನಿ ಒಂದ ಗಿಲಾಸ ರೀ. ಮತ್ತ ಮನಿಗೆ ಹ್ವಾದಮ್ಯಾಲೆ."

"ಸಾಲ್ಯಾಗ?"

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. "ಸಾಲ್ಯಾಗ ಕುಡಿಯಂಗಿಲ್ರಿ. ಕುಡದ್ರ ಹೋಗಬೇಕಾಕೈತಿ. ಅಲ್ಲಿ ಹೋಗಾಕ ಬರಂಗಿಲ್ಲ."

ಸಾರು ಯಾಕೆ ಬೇಡವಾಗಿತ್ತು ಎಂದು ಆಗ ತಿಳಿಯಿತು. ನಮ್ಮ ಶಾಲೆಯ ಹಳೆಯ ಶೌಚಾಲಯಕ್ಕೆ ನಾಲ್ಕು ಮೆಟ್ಟಿಲು. ಹೊತ್ತು ಒಯ್ದರೂ ಒಳಗೆ ಅವಳನ್ನು ಕೂರಿಸುವಷ್ಟು ಜಾಗವಿಲ್ಲ. ಏಳು ತಿಂಗಳು ಆ ಮಗು ಮುಂಜಾನೆಯಿಂದ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡು ನನ್ನ ಶಾಲೆಯಲ್ಲಿ ಕೂತಿದ್ದಳು. ಮೂತ್ರದ ಸೋಂಕು ಎಂದರು ಡಾಕ್ಟರು. ಮಾತ್ರೆ ಬರೆದು, ನೀರು ಕುಡಿಸಿ ಎಂದರು. ಕುಡಿಸುವುದೇನೋ ಸರಿ, ಎಲ್ಲಿಗೆ ಕಳಿಸಬೇಕು ಎಂದು ಅವರು ಹೇಳಲಿಲ್ಲ. ಅದು ಅವರ ಕೆಲಸವೂ ಅಲ್ಲ.

ಮರುದಿನದಿಂದ ತಾಯಿ ಮಧ್ಯಾಹ್ನ ಶೆಡ್ಡಿನಿಂದ ಓಡಿ ಬಂದು ಮಗಳನ್ನು ಮನೆಗೆ ಕರೆದೊಯ್ದು ಮತ್ತೆ ತಂದು ಬಿಡತೊಡಗಿದಳು. ತಲೆಗೂದಲಲ್ಲಿ, ಹುಬ್ಬಿನಲ್ಲಿ ನೂಲಿನ ಧೂಳು. ನಾನು ಅಂದೇ ಅರ್ಜಿ ಬರೆದೆ.

ಅನುದಾನ ಬಂದದ್ದು ಮರುವರ್ಷ ದಸರೆ ರಜೆ ಮುಗಿದ ಮೇಲೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶೌಚಾಲಯ. ಆದೇಶದ ಪ್ರತಿ ಕೈಗೆ ಬಂದ ದಿನ ನಾನು ಶಾಲೆಯಲ್ಲಿ ಪೇಡಾ ಹಂಚಿದೆ. ಓದಿದ್ದು ಆಮೇಲೆ.

ನಮ್ಮ ಮೇಲಿನ ಕಚೇರಿ ಯಾವ ಊರಿನಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ. ಜಮಖಂಡಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ ಹೋಗಬೇಕಿತ್ತು ಎಂದರೆ ಸಾಕು. ಅಲ್ಲಿ ಒಂದೇ ಕಿಟಕಿಯ ಆಚೀಚೆ ಎರಡು ಮೇಜುಗಳಿದ್ದವು. ಮೊದಲ ಮೇಜಿನವರು ಅನುದಾನ ನೋಡುತ್ತಿದ್ದರು. ಅವರ ಕಾಗದದ ಪ್ರಕಾರ ಲಗತ್ತಿಸಿದ ನಕ್ಷೆಯಂತೆಯೇ ಕಟ್ಟಬೇಕು, ಒಂದು ಇಂಚು ಹೆಚ್ಚುಕಮ್ಮಿಯಾದರೂ ಹಣ ವಾಪಸು, ಮುಖ್ಯೋಪಾಧ್ಯಾಯರೇ ಹೊಣೆ. ನಕ್ಷೆಯಲ್ಲಿ ಶೌಚಾಲಯದ ಪಾಯ ನೆಲದಿಂದ ಎರಡೂವರೆ ಅಡಿ ಎತ್ತರ, ಅದಕ್ಕೆ ಹತ್ತುವ ಇಳಿಜಾರು ಆರು ಅಡಿ ಉದ್ದ. ಎರಡನೆಯ ಮೇಜಿನಲ್ಲಿದ್ದ ಹೆಣ್ಣುಮಗಳು ವಿಕಲಚೇತನ ಮಕ್ಕಳ ಸೌಲಭ್ಯ ನೋಡುತ್ತಿದ್ದರು. ಅವರ ಕಾಗದದ ಪ್ರಕಾರ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಲೇಬೇಕು, ಅಂದರೆ ನಮಗೆ ಮೂವತ್ತು ಅಡಿ. ಇರದಿದ್ದರೆ ಮುಖ್ಯೋಪಾಧ್ಯಾಯರೇ ಹೊಣೆ. ಎರಡೂ ಕಾಗದದ ಕೆಳಗೆ ಒಬ್ಬರೇ ಸಾಹೇಬರ ಸಹಿ. ಹೊಣೆಗಾರಳು ಎರಡರಲ್ಲೂ ನಾನೇ.

ಎಂಜಿನಿಯರ್ ಜಾಗ ಗುರುತು ಮಾಡಲು ಬಂದಾಗ ಎರಡೂ ಕಾಗದಗಳನ್ನು ಮುಂದೆ ಹಿಡಿದೆ. ಇನ್ನೂ ಹುಡುಗ ವಯಸ್ಸಿನವರು, ಮಾತು ಮೆತ್ತಗೆ.

"ಸರ್, ಆರ ಫೂಟಿನ್ಯಾಗ ಎರಡೂವರಿ ಫೂಟ ಹತ್ತಬೇಕಂದ್ರ ಅದೇನ ಜಾರುಬಂಡಿ ಏನ್ರಿ?"

"ನಕ್ಷ್ಯಾಗ ಆರ ಐತ್ರಿ ಮೇಡಂ."

"ಈ ಇನ್ನೊಂದ ಸುತ್ತೋಲಿ ನೋಡ್ರಿ. ಮೂವತ್ತ ಬೇಕಂತೈತಿ."

"ಅದು ನಮ್ಮ ಸೆಕ್ಷನ್ನಿಂದಲ್ರಿ."

"ಹಂಗಾರ ಪಾಯಾನ ತಗ್ಗಸ್ರಿ. ನಮ್ಮ ಕ್ಲಾಸಿನ ಕ್ವಾಣಿ ನೆಲ ಅಂಗಳಕ್ಕ ಸಮ ಐತಿ, ನೀರೇನೂ ಬರಂಗಿಲ್ಲ."

"ಎರಡೂವರಿ ಅಂದ್ರ ಎರಡೂವರೀನರಿ. ಕಡಿಮಿ ಮಾಡಿದ್ರ ನನ್ನ ಬಿಲ್ಲ ಹೋಗಂಗಿಲ್ಲ, ನಿಮ್ಮದೂ ಹೋಗಂಗಿಲ್ಲ."

ಮೂವತ್ತು ಅಡಿಯ ಇಳಿಜಾರನ್ನು ಬೇರೆ ಯಾವುದಾದರೂ ರೀತಿಯಲ್ಲಿ ಕಟ್ಟಿಕೊಡಿ ಎಂದೆ. ನಕ್ಷೆಯ ಗೆರೆಯಾಚೆ ಒಂದು ಇಟ್ಟಿಗೆ ಇಟ್ಟರೂ ಅದು ನಿಯಮಬಾಹಿರ ಕಾಮಗಾರಿ ಎಂದರು. ನಾನು ಕಚೇರಿಗೆ ಮೂರು ಸಲ ಹೋದೆ. ಮೊದಲ ಮೇಜು ಎರಡನೆಯದರ ಕಡೆ ಕೈ ತೋರಿಸಿತು. ಎರಡನೆಯ ಮೇಜಿನ ಹೆಣ್ಣುಮಗಳು, "ನನ್ನ ಕಡೆ ರೊಕ್ಕ ಇಲ್ರಿ ಅಕ್ಕಾರ, ಬರೀ ನಿಯಮ ಅದಾವ," ಎಂದರು. ಅವರು ವ್ಯಂಗ್ಯವಾಗಿ ಹೇಳಲಿಲ್ಲ. ನಿಜವನ್ನೇ ಹೇಳಿದರು.

ಮಾರ್ಚ್ ಬಂತು. ಕಟ್ಟಡ ನಕ್ಷೆಯಂತೆ ಎದ್ದು ನಿಂತಿತು. ನೀಲಿ ಬಣ್ಣ, ಗೋಡೆಯ ಮೇಲೆ ಗಾಲಿಕುರ್ಚಿಯ ಚಿತ್ರ. ಫೈಲಿಗೆ ಫಲಾನುಭವಿಯ ಫೋಟೋ ಬೇಕೆಂದರು. ಹುಡುಗಿಯನ್ನು ಅದರ ಮುಂದೆ ಕೂರಿಸಿ ಫೋಟೋ ತೆಗೆದರು. ಅವಳು ಒಳಗೆ ಹೋಗಬಲ್ಲಳೇ ಎಂದು ಯಾರೂ ಕೇಳಲಿಲ್ಲ. ಆಮೇಲೆ ಒಂದು ಪ್ರಮಾಣಪತ್ರ: ಈ ಶೌಚಾಲಯ ವಿಕಲಚೇತನ ಮಕ್ಕಳ ಬಳಕೆಗೆ ಯೋಗ್ಯವಾಗಿದೆ. ಕೆಳಗೆ ನನ್ನ ಸಹಿಗೆ ಜಾಗ.

ನಾನು ಸಹಿ ಮಾಡಿದೆ. ಮೂವತ್ತೊಂದರೊಳಗೆ ಸಹಿಯಾಗದಿದ್ದರೆ ಕಟ್ಟಿದವನಿಗೆ ದುಡ್ಡು ಸಿಗುವುದಿಲ್ಲ, ನೀರಿನ ಸಂಪರ್ಕವೂ ಸಿಗುವುದಿಲ್ಲ ಎಂದರು ಕಚೇರಿಯವರು. "ಸಹಿ ಮಾಡ್ರಿ, ಮುಂದ ನೋಡೂಣು," ಎಂದರು. ಕಾರಣಗಳು ಬೇಕಾದಷ್ಟಿದ್ದವು. ಸಹಿ ಮಾತ್ರ ನನ್ನದು.

ನೀರು ಬಂದ ಮೇಲೆ ಮೊದಲ ಸೋಮವಾರ, ಹುಡುಗಿಯೇ ಹೊರಟಳು. ಅವಳ ತರಗತಿಯ ಇಬ್ಬರು ಗೆಳತಿಯರು ಹಿಂದಿನಿಂದ ನೂಕಿದರು. ಅರ್ಧ ಏರುವ ಹೊತ್ತಿಗೆ ಕುರ್ಚಿಯ ಭಾರ ಹಿಂದಕ್ಕೆ ಬಿತ್ತು, ಗೆಳತಿಯರ ಕೈ ತಪ್ಪಿತು. ಕುರ್ಚಿ ಹಿಮ್ಮುಖವಾಗಿ ಜಾರಿ ಮಗುಚಿತು. ನಾನು ಓಡಿ ಹೋಗುವಷ್ಟರಲ್ಲಿ ಅವಳ ಗಲ್ಲ ಒಡೆದು ರಕ್ತ ಸುರಿಯುತ್ತಿತ್ತು. ಅಂಗಿ ಬೇರೆ ಒದ್ದೆಯಾಗಿತ್ತು. ಅವಳು ಅತ್ತದ್ದು ರಕ್ತಕ್ಕಲ್ಲ. ಹುಡುಗರು ನೋಡುತ್ತಿದ್ದಾರೆ ಎಂದು.

ತಾಯಿ ಬಂದಳು. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಮಗಳ ಗಲ್ಲಕ್ಕೆ ಸೆರಗು ಒತ್ತಿ ಹಿಡಿದು, ನೀಲಿ ಗೋಡೆಯ ಚಿತ್ರವನ್ನು ನೋಡುತ್ತ ಕೇಳಿದಳು: "ಅಕ್ಕಾರ, ಇದನ್ನ ಯಾರ ಸಲುವಾಗಿ ಕಟ್ಟ್ಯಾರ್ರಿ?"

ಅಂದು ಮಧ್ಯಾಹ್ನವೇ ನಾನು ನನ್ನ ಪ್ರಮಾಣಪತ್ರ ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದು, ಕಾಗದ ಹಿಡಿದು ಸಾಹೇಬರ ಮುಂದೆ ನಿಂತೆ. ಅವರು ಓದಿ, ಮಡಚಿ, ನನಗೇ ವಾಪಸು ಚಾಚಿದರು.

"ಒಮ್ಮಿ ಸಹಿ ಮಾಡಿದಮ್ಯಾಲೆ ಹೊಳ್ಳಿ ತಗೊಳ್ಳಾಕ ಬರಂಗಿಲ್ರಿ. ನಿಮ್ಮ ಸರ್ವಿಸ್ ಇನ್ನ ಎಷ್ಟೈತಿ?"

"ನಾಕ ವರ್ಷ ರೀ."

"ಮತ್ತ ಯಾಕ ತ್ರಾಸ ಮಾಡ್ಕೋತೀರಿ? ಸುಳ್ಳ ಸಹಿ ಮಾಡೀನಿ ಅಂತ ನೀವ ಬರದ ಕೊಟ್ರ ಮೊದಲ ನಿಮ್ಮ ಮ್ಯಾಲೇನ ಬರತೈತಿ."

"ಬರಲಿರಿ. ಸುಳ್ಳ ಮಾಡಿದ್ದು ಖರೆ ಐತಿ."

ಅವರು ಫೋನ್ ಎತ್ತಿಕೊಂಡರು. ಮಾತು ಮುಗಿಯಿತೆಂದು ಅರ್ಥ.

ಬಸ್ಸಿನಲ್ಲಿ ವಾಪಸು ಬರುವಾಗ ಮಡಚಿದ ಕಾಗದ ಬಿಚ್ಚಿ ಮತ್ತೆ ಓದಿದೆ. ಇಪ್ಪತ್ತೆಂಟು ವರ್ಷ ಮೇಲಿನವರು ಕೇಳಿದ ನಮೂನೆ ತುಂಬಿ ಕೊಟ್ಟವಳು ನಾನು. ಯಾವ ಕಾಗದವೂ ನನ್ನನ್ನು ಇಷ್ಟು ಹೊಲಸು ಮಾಡಿರಲಿಲ್ಲ. ಮನೆಗೆ ಹೋಗಿ ಒಂದು ಪತ್ರ ಬರೆದೆ. ಬೈಗುಳ ಇರಲಿಲ್ಲ. ಎರಡೂ ಆದೇಶಗಳ ಸಂಖ್ಯೆ ಬರೆದು, ಒಂದನ್ನು ಪಾಲಿಸಿದರೆ ಇನ್ನೊಂದು ಮುರಿಯುತ್ತದೆ ಎಂದು ಅಳತೆ ಸಮೇತ ತೋರಿಸಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದೆ: ಇವೆರಡರಲ್ಲಿ ನಾನು ಯಾವುದನ್ನು ಮುರಿಯಬೇಕು, ದಯವಿಟ್ಟು ಲಿಖಿತವಾಗಿ ತಿಳಿಸಿ. ಎರಡೂ ಮೇಜುಗಳಿಗೆ, ಸಾಹೇಬರಿಗೆ, ಅವರ ಮೇಲಿನವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಬೇಸಿಗೆ ರಜೆ ಕಳೆಯಿತು. ಹುಡುಗಿ ಏಳನೆಯ ತರಗತಿಗೆ ಬಂದಳು. ತಾಯಿಯ ಮಧ್ಯಾಹ್ನದ ಓಟ ನಿಲ್ಲಲಿಲ್ಲ. ಪದೇ ಪದೇ ಕೆಲಸ ಬಿಟ್ಟು ಬರುತ್ತಾಳೆಂದು ಶೆಡ್ಡಿನವರು ಗೊಣಗಿದಾಗ ಅವಳು ಬೇರೆ ಶೆಡ್ಡು ಹಿಡಿದಳು. ಪತ್ರಕ್ಕೆ ಒಂದೇ ಒಂದು ಉತ್ತರ ಬಂತು. ನಿಯಮಾನುಸಾರ ಕ್ರಮ ಕೈಗೊಳ್ಳಿ ಎಂದಿತ್ತು. ಯಾವ ನಿಯಮಾನುಸಾರ? ನಾನು ಕೇಳಿದ್ದೇ ಅದನ್ನಲ್ಲವೇ? ಆ ಕಾಗದವನ್ನು ಹರಿದು ಹಾಕಬೇಕೆನಿಸಿತು. ಹರಿಯದೆ ಫೈಲಿಗೆ ಹಾಕಿದೆ. ಮತ್ತೆ ಪತ್ರ ಬರೆದೆ. ಮತ್ತೆ.

ದಾರಿ ತೋರಿಸಿದವಳು ತಾಯಿ. ದೀಪಾವಳಿಯ ನಂತರ ಪಾಲಕರ ಸಭೆಯಲ್ಲಿ ಎದ್ದು ಕೇಳಿದಳು: "ಅಕ್ಕಾರ, ಅವರು ಕಟ್ಟಡ ಮುಟ್ಟಬ್ಯಾಡ್ರಿ ಅಂತಾರ, ಹೌದಿಲ್ರಿ?"

"ಹೌದವಾ."

"ನೆಲಾ ಮುಟ್ಟಬ್ಯಾಡ್ರಿ ಅಂದಾರೇನು?"

"ನೆಲಾ ಅಂದ್ರ?" ಎಂದೆ.

"ಸಂಡಾಸ ಎತ್ತರ ಐತಿ ಅಂದ್ರ ಅಂಗಳಾನ ಎತ್ತರ ಮಾಡೂಣಲ್ರಿ. ಮಣ್ಣ ಹಾಕೂಣು. ಕ್ವಾಣಿ ಬಾಗಲದಿಂದ ಹಿಡದ ಅಲ್ಲಿತನಾ ಸಾವಕಾಶ ಏರಿಸ್ಕೋತ ಹೋದ್ರ ಆತು."

ಸಭೆ ನಿಲ್ಲಿಸಿ ಆದೇಶದ ಎಲ್ಲ ಪುಟಗಳನ್ನೂ ಅವರ ಮುಂದೆಯೇ ಮತ್ತೆ ಓದಿದೆ. ಇಟ್ಟಿಗೆ ಇತ್ತು, ಸಿಮೆಂಟು ಇತ್ತು, ಬಣ್ಣದ ಹೆಸರೂ ಇತ್ತು. ಅಂಗಳದ ಮಣ್ಣಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಎಂಟು ತಿಂಗಳು ನಾಲ್ಕು ಕಡೆ ಪತ್ರ ಬರೆದವಳಿಗೆ ಹೊಳೆಯದ್ದು ಆಕೆಗೆ ಹೊಳೆದಿತ್ತು. ಸಂತೋಷವಾಯಿತು, ನಿಜ. ಜೊತೆಗೇ ಸಿಟ್ಟೂ ಬಂತು. ಸರ್ಕಾರ ಹಣ ಕೊಟ್ಟು ಕಟ್ಟಿಸಿದ ಶೌಚಾಲಯಕ್ಕೆ ಮಗಳನ್ನು ಮುಟ್ಟಿಸಲು ಕಂಡಿಕೆ ಸುತ್ತುವ ಹೆಂಗಸು ಮಣ್ಣು ಹೊರಬೇಕೆ?

ಹತ್ತಿರದ ಓಣಿಯಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಮನೆಯೊಂದನ್ನು ಕೆಡವುತ್ತಿದ್ದರು. ಮನೆಯ ಯಜಮಾನರು ಮಣ್ಣು, ಕಲ್ಲು, ನೆಲಕ್ಕೆ ಹಾಸಿದ ಫರಸಿ ಚಪ್ಪಡಿ ಎಲ್ಲವನ್ನೂ ಒಯ್ಯಿರಿ ಎಂದರು. ಒಯ್ಯಲು ಟ್ರ್ಯಾಕ್ಟರ್ ಬೇಕಲ್ಲ. ಕಬ್ಬಿನ ಹಂಗಾಮು; ಹಿಪ್ಪರಗಿ ಕಡೆಯ ಟ್ರ್ಯಾಕ್ಟರುಗಳೆಲ್ಲ ಮುಧೋಳದ ಫ್ಯಾಕ್ಟರಿಗಳ ಮುಂದೆ ಸಾಲು ಹಚ್ಚಿದ್ದವು. ಕೇಳಿದವರೆಲ್ಲ ಮುಂದಿನ ತಿಂಗಳು ನೋಡೋಣ ಎಂದರು. ಮುಂದಿನ ತಿಂಗಳು ಎನ್ನುವ ಮಾತನ್ನು ಕೇಳುವ ತಾಳ್ಮೆ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ.

ಆ ವಾರ ಲೈನ್ ದುರಸ್ತಿಗೆಂದು ಒಂದು ದಿನ ಪೂರ್ತಿ ಕರೆಂಟು ತೆಗೆದರು. ಮಗ್ಗಗಳು ನಿಂತವು. ಊರಿಗೆ ಊರೇ ಕಿವಿ ಮುಚ್ಚಿಕೊಂಡಂತೆ ಮೌನ. ಮುಂಜಾನೆ ಹತ್ತಕ್ಕೆ ಆ ತಾಯಿ ಶೆಡ್ಡಿನ ಹೆಂಗಸರನ್ನೆಲ್ಲ ಕರೆದುಕೊಂಡು ಬುಟ್ಟಿ ಹಿಡಿದು ಬಂದಳು. ಗಂಡಸರು ನೂಲಿನ ಗಂಟು ಸಾಗಿಸುವ ಕೈಗಾಡಿ ತಂದರು. ಪಾಲಕರಲ್ಲೇ ಒಬ್ಬರು ಗೌಂಡಿ, ಮನೆ ಕಟ್ಟುವವರು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ಹಿಡಿದರು. ಶೌಚಾಲಯದ ಬಾಗಿಲಿನಿಂದ ಅಂಗಳದತ್ತ ದಾರ ಎಳೆದರು. ಮೂವತ್ತು ಅಡಿ ಸಾಕಿತ್ತು, ಅವರು ಮೂವತ್ತಾರು ಹಿಡಿದರು. "ಇರ್ಲಿ ಬಿಡ್ರಿ ಅಕ್ಕಾರ, ಹುಡುಗಿ ಕೈ ಸೋಲಬಾರದು," ಎಂದರು.

ಒಂದು ದಿನಕ್ಕೆ ಮುಗಿಯಲಿಲ್ಲ. ಮತ್ತೆ ಎರಡು ಭಾನುವಾರ ಹಿಡಿಯಿತು. ಬದಿಗೆ ಕಲ್ಲು ಕಟ್ಟಿ, ಮಣ್ಣು ಕುಟ್ಟಿ ಗಟ್ಟಿ ಮಾಡಿ, ಮೇಲೆ ಆ ಮನೆಯ ಫರಸಿ ಹಾಸಿ ಸಂದಿಗೆ ಸಿಮೆಂಟು ತುಂಬಿದರು. ಆರು ಅಡಿಯ ಆ ಜಾರುಬಂಡಿ ಒಡೆಯದೆ, ಕೆಡದೆ ಒಳಗೇ ಹೂತುಹೋಯಿತು.

ಸೋಮವಾರ ಹುಡುಗಿ ಒಬ್ಬಳೇ ಗಾಲಿ ತಿರುಗಿಸುತ್ತ ಹೊರಟಳು. ನಾವೆಲ್ಲ ಉಸಿರು ಹಿಡಿದು ಸಾಲಾಗಿ ನಿಂತುಬಿಟ್ಟಿದ್ದೆವು. ಅವಳು ಬಾಗಿಲು ಮುಟ್ಟಿ, ಕುರ್ಚಿ ತಿರುಗಿಸಿ, ನಮ್ಮನ್ನು ನೋಡಿ ಮುಖ ಸಿಂಡರಿಸಿದಳು.

"ಎಲ್ಲಾರೂ ಹಿಂಗ್ಯಾಕ ನಿಂತೀರಿ? ಆ ಕಡಿ ಹೋಗ್ರಿ!"

ನಾಚಿಕೊಂಡು ಎಲ್ಲರೂ ಗೋಡೆಯ ಕಡೆ ತಿರುಗಿದೆವು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿ ತಾಯಿ ನೆಲಕ್ಕೆ ಕೂತು ನಕ್ಕಳೋ ಅತ್ತಳೋ, ನಾನು ನೋಡಲಿಲ್ಲ.

ಹದಿನೈದು ದಿನದಲ್ಲಿ ಸಾಹೇಬರು, ಎಂಜಿನಿಯರು, ಎರಡನೆಯ ಮೇಜಿನ ಹೆಣ್ಣುಮಗಳು ಮೂವರೂ ಜೀಪಿನಲ್ಲಿ ಬಂದರು. ಸಾಹೇಬರು ಫರಸಿಯ ಮೇಲೆ ನಿಂತು ಕಾಲಿನಿಂದ ಕುಟ್ಟಿದರು.

"ಇದು ಅನಧಿಕೃತ ಕಾಮಗಾರಿ. ಈಗ ಪಾಯಾ ಎಲ್ಲೈತ್ರಿ? ಎರಡೂವರಿ ಫೂಟ ಕಾಣಸಬೇಕಲ್ಲ?"

"ಪಾಯಾ ಇದ್ದಲ್ಲೇ ಐತ್ರಿ. ಮಣ್ಣಾಗ ಐತಿ."

"ಯಾರನ್ನ ಕೇಳಿ ಹಾಕಿದ್ರಿ ಮಣ್ಣ?"

ಮಕ್ಕಳು ಕಿಟಕಿಯಲ್ಲಿದ್ದರು, ಇದ್ದರೂ ನನ್ನ ದನಿ ತಗ್ಗಲಿಲ್ಲ. "ನಿಮ್ಮನ್ನ ಕೇಳೀನ್ರಿ ಸಾಹೇಬರ. ನಾಕ ಸಲ ಕೇಳೀನಿ, ಅಂಚಿ ಪಾವತಿ ಅದಾವ. ಯಾವ ಆದೇಶ ಮುರೀಲಿ ಅಂತ ಕೇಳೀನಿ. ಒಂದಕ್ಕೂ ನೆಟ್ಟಗ ಉತ್ತರ ಕೊಟ್ಟಿಲ್ಲ ನೀವು. ಅಂಗಳದಾಗ ಮಣ್ಣ ಹಾಕಬಾರದು ಅಂತ ಯಾವ ಕಾಗದದಾಗ ಐತಿ, ತೋರಸ್ರಿ. ನಾನ ಸ್ವತಃ ತಗಸ್ತೀನಿ. ತಗಸೂ ದಿನ ನೀವ ಬಂದ ಆ ಹುಡಗಿ ಮುಂದ ನಿಂತ ಹೇಳ್ರಿ, ನೀರ ಕುಡೀಬ್ಯಾಡ ಅಂತ."

"ನೋಟಿಸ್ ಕೊಡಬೇಕಾಕೈತಿ ನಿಮಗ."

"ಕೊಡ್ರಿ. ಬರವಣಿಗ್ಯಾಗ ಕೊಡ್ರಿ. ಅದನ್ನ ಕೇಳಾಕತ್ತೇನಿ ನಾನು."

ಅವರು ಜೀಪಿನ ಕಡೆ ನಡೆದರು. ಎಂಜಿನಿಯರು ಅವರ ಹಿಂದೆ ಹೋದರು. ಆ ಹೆಣ್ಣುಮಗಳು ಮಾತ್ರ ಹಿಂದುಳಿದು, ಚೀಲದಿಂದ ಟೇಪು ತೆಗೆದು ಇಳಿಜಾರಿನ ಉದ್ದ ಅಳೆದರು, ಬರೆದುಕೊಂಡರು. ನನ್ನ ಕೈ ಒತ್ತಿ ಹೋದರು. ನೋಟಿಸು ಬರಲಿಲ್ಲ. ಮೊದಲ ಮೇಜಿನ ಫೈಲಿನಲ್ಲಿ ಕಟ್ಟಡ ನಕ್ಷೆಯಂತಿದೆ ಎಂದು, ಎರಡನೆಯದರಲ್ಲಿ ಇಳಿಜಾರು ನಿಯಮದಂತಿದೆ ಎಂದು ಬರೆದು ಎರಡನ್ನೂ ಮುಚ್ಚಿದರು ಎಂದು ಆಮೇಲೆ ಗೊತ್ತಾಯಿತು. ಮಣ್ಣಿನ ಮಾತು ಎರಡರಲ್ಲೂ ಇಲ್ಲ. ಹೊತ್ತವರ ಮಾತೂ ಇಲ್ಲ.

ಹುಡುಗಿ ಅದನ್ನು ಬಳಸಿದ್ದು ನಾಲ್ಕು ತಿಂಗಳು. ಏಳನೆಯ ತರಗತಿ ಮುಗಿಯಿತು, ಹೈಸ್ಕೂಲಿಗೆ ಹೋದಳು. ಅಲ್ಲಿಯೂ ಅನುದಾನ ಬಂದಿತ್ತು. ಅಲ್ಲಿಯೂ ಅದೇ ನಕ್ಷೆ. ತಾಯಿ ಮತ್ತೆ ಮಧ್ಯಾಹ್ನ ಓಡುತ್ತಿದ್ದಾಳೆ ಎಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನಾನು ಅಲ್ಲಿನ ಮುಖ್ಯಸ್ಥರ ಬಳಿ ಹೋಗಿ ನನ್ನ ಪತ್ರಗಳ ಪ್ರತಿ ಕೊಟ್ಟೆ. ಆ ಅಂಗಳದಲ್ಲಿ ಈಗ ಅರ್ಧ ಮಣ್ಣು ಬಿದ್ದಿದೆ.

ಅದೇ ವರ್ಷ ಕಚೇರಿಯಿಂದ ಫೋನ್ ಬಂತು. ನಮ್ಮ ಶಾಲೆ ಮಾದರಿಯಂತೆ. ಮುಧೋಳ, ಬೀಳಗಿ ಕಡೆಯ ಮುಖ್ಯೋಪಾಧ್ಯಾಯರನ್ನು ನೋಡಲು ಕರೆತರುತ್ತಾರಂತೆ. ಬಂದರು. ಅದೇ ಸಾಹೇಬರು ಅದೇ ಫರಸಿಯ ಮೇಲೆ ನಿಂತು ಸಮುದಾಯದ ಸಹಭಾಗಿತ್ವದ ಬಗ್ಗೆ ಮಾತಾಡಿದರು. ಆಮೇಲೆ ನಾಲ್ಕು ಮಾತು ಆಡಿ ಎಂದು ನನ್ನ ಕಡೆ ಕೈ ಮಾಡಿದರು. ನಾನು ನಾಲ್ಕು ಮಾತು ಆಡಲಿಲ್ಲ. ಮೊದಲ ಪತ್ರ ಓದಿದೆ, ಕೊನೆಯ ಪ್ರಶ್ನೆಯವರೆಗೆ. ಓದಿ ಮುಗಿಸಿ, "ಇದಕ್ಕ ಇನ್ನೂ ಉತ್ತರ ಬಂದಿಲ್ರಿ," ಎಂದು ಕೂತೆ. ಯಾರೋ ಗಡಬಡಿಸಿ ಚಹಾ ತರಿಸಿದರು.

ಚಹಾದ ಹೊತ್ತಿಗೆ ಬೀಳಗಿ ಕಡೆಯ ಮುಖ್ಯೋಪಾಧ್ಯಾಯರೊಬ್ಬರು ನನ್ನ ಕೋಣೆಗೆ ಬಂದರು. ಹಿನ್ನೀರಿನಲ್ಲಿ ಮುಳುಗಿದ ಊರಿನ ಪುನರ್ವಸತಿ ಕೇಂದ್ರದ ಶಾಲೆ ಅವರದು.

"ನಮ್ಮಲ್ಲೂ ಗಾಲಿಕುರ್ಚಿ ಹುಡುಗ ಒಬ್ಬಾಂವ ಅದಾನ್ರಿ. ನಾಕನೇ ಕ್ಲಾಸ್. ನಕ್ಷಿನೂ ಇಂಥಾದ್ದ ಐತಿ. ಎಷ್ಟ ಬಂಡಿ ಮಣ್ಣ ಬೇಕಾತ್ರಿ ನಿಮಗ?"

ಒಳ್ಳೆಯ ಮನುಷ್ಯರು. ಆದರೂ ಆ ಪ್ರಶ್ನೆ ಕೇಳಿ ನನಗೆ ಮೈ ಉರಿಯಿತು. ಪ್ರತಿ ಊರಿನಲ್ಲೂ ಒಬ್ಬ ತಾಯಿ ಬುಟ್ಟಿ ಹೊರುವುದೇ ವ್ಯವಸ್ಥೆ ಎಂದಾಗಿಬಿಡುತ್ತದಲ್ಲ.

"ಮಣ್ಣ ಆಮ್ಯಾಲೆ ಸರ್," ಎಂದೆ. "ಮೊದಲ ಪತ್ರ ಬರೀರಿ. ನಾ ಒಬ್ಬಾಕಿ ಕೇಳಿದ್ರ ಅವರು ಸುಮ್ನ ಕೂಡ್ತಾರ. ಎಲ್ಲಾ ಸಾಲಿಯವರು ಕೇಳ್ರಿ. ನಕ್ಷಿ ಬದಲ ಮಾಡಾಕ ಹಚ್ಚೂಣು."

ಅವರು ಲೋಟ ಮೇಜಿನ ಮೇಲಿಟ್ಟರು. ಆಮೇಲೆ ಮೊಬೈಲ್ ತೆಗೆದು ಪತ್ರದ ಫೋಟೋ ತೆಗೆದುಕೊಂಡರು. ಮುಧೋಳ ಕಡೆಯ ಇಬ್ಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರೂ ಒಳಗೆ ಬಂದರು. ಅಂಗಳದಲ್ಲಿ ಸಾಹೇಬರು ಗುಂಪು ಫೋಟೋಕ್ಕೆ ಎಲ್ಲರನ್ನೂ ಕರೆಯುತ್ತಿದ್ದರು. ಗಾಳಿಗೆ ಹಾರದಂತೆ ನಾನು ಪತ್ರದ ಎರಡೂ ತುದಿ ಹಿಡಿದಿದ್ದೆ, ಅವರು ಒಂದೊಂದೇ ಪುಟದ ಚಿತ್ರ ತೆಗೆಯುತ್ತಿದ್ದರು. ಯಾರೂ ಹೊರಗೆ ಹೋಗಲಿಲ್ಲ.